ಗಾಳಿ ಕುಡಿದ ಕೆರೆ

ಬೇಯುವ ಗಂಜಿಯ ವಾಸನೆ ಒಂದು, ಕೊಳೆತ ಗಂಜಿಯ ವಾಸನೆ ಇನ್ನೊಂದು. ಮೊದಲನೆಯದು ಮೂಗಿಗೆ ಬಿದ್ದರೆ ಹಸಿವಾಗುತ್ತದೆ, ಎರಡನೆಯದು ಬಿದ್ದರೆ ತಿಂದದ್ದು ಗಂಟಲಿಗೆ ಬರುತ್ತದೆ. ಬಾಳಗೊಂಡ ಬೆಳಿಗ್ಗೆ ಎದ್ದು ಕೆರೆಯ ಕಡೆಯ ಕಿಟಕಿ ತೆರೆದಾಗ ಒಳಗೆ ಬಂದದ್ದು ಎರಡನೆಯದು. ಥೂ ಎಂದು ಕಿಟಕಿ ಹಾಕಿದ. ಹಾಕಿದ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದ. ಈಚೆಗೆ ದಿನವೂ ಎದ್ದ ಕೂಡಲೇ ಅವನು ಅಂಗೈ ಮೂಸುತ್ತಿದ್ದ; ದೂರದಿಂದ ಕಂಡವರು ದೇವರನ್ನು ನೆನೆಯುತ್ತಿದ್ದಾನೆ ಎಂದುಕೊಳ್ಳಬೇಕು. ಅಂಗೈ ನಾರುತ್ತಿತ್ತು, ಇಲ್ಲವೆ ಮೂಗೇ ನಾರುತ್ತಿತ್ತು. ಹೋದ ಮಾಘದಲ್ಲಿ, ಗಡಹಿಂಗ್ಲಜದ ಮಾವನ ಮನೆಯ ಲಗ್ನದ ಪಂಕ್ತಿಯಲ್ಲಿ, ಪಕ್ಕದಲ್ಲಿ ಕೂತಿದ್ದ ಸಣ್ಣ ಹುಡುಗಿಯೊಬ್ಬಳು "ಅವ್ವಾ, ಈ ಮಾಮಾ ನಾರ್ತಾನ" ಎಂದಿದ್ದಳು. ಅವಳ ತಾಯಿ ಹುಡುಗಿಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಗುದ್ದು ಕೊಟ್ಟ ಕೈಯಿಂದಲೇ ಎಲೆಯನ್ನು ಅತ್ತ ಸರಿಸಿಕೊಂಡಳು. ಅವನು ಶಿರಾ ನುಂಗಲಾರದೆ ನುಂಗಿ ಎದ್ದಿದ್ದ. ಶಾಲನ ಎಂಬ ಅವನ ಹೆಂಡತಿ ಆ ತವರಿನಲ್ಲೇ ಉಳಿದಳು. "ಕೆರಿ ವಾಸ್ನಿ ಹೋದ ಮ್ಯಾಲ ಹೇಳಿ ಕಳಸ್ರಿ, ಬರ್ತೇನಿ" ಎಂದಿದ್ದಳು. ಕೆರೆಯ ವಾಸನೆ ಎಂದಳು, ನಿಮ್ಮ ವಾಸನೆ ಎನ್ನಲಿಲ್ಲ. ಬೈದಿದ್ದರೆ ಇಷ್ಟು ಹೇಸಿಕೆ ಆಗುತ್ತಿರಲಿಲ್ಲ. ಅವಳ ಆ ನಯವನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಮೈಯನ್ನು ಕಳಚಿ ಎಲ್ಲಾದರೂ ಇಟ್ಟು ಬರಬೇಕು ಎನ್ನಿಸುತ್ತಿತ್ತು.

ಪಡಸಾಲೆಯಲ್ಲಿ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಕೊಯ್ನಾ ಭೂಕಂಪಕ್ಕೆ ಸೀಳಿದ ಗೋಡೆ, ಇನ್ನೂ ಮೆತ್ತಿಸಿರಲಿಲ್ಲ. ಪೊರೆ ಬಂದ ಅವಳ ಕಣ್ಣಿಗೆ ಹಗಲು ಯಾವುದು ಇರುಳು ಯಾವುದು ಎಂಬುದರ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಕಣ್ಣಿನ ಶಕ್ತಿಯೆಲ್ಲ ಕಿವಿಗೆ ಬಂದು ಸೇರಿತ್ತು. ಕೆರೆಯ ಮೆಟ್ಟಿಲ ಮೇಲೆ ಯಾರ ಕಾಲು ಬಿದ್ದರೂ ಇದು ಇಂಥವರದು ಎಂದು ಹೇಳುತ್ತಿದ್ದಳು. ನಿನ್ನೆಯಿಂದ ಅವಳು ನೀರು ಕುಡಿದಿರಲಿಲ್ಲ. ತುಟಿಗಳು ಒಡೆದು ಕರೆಗಟ್ಟಿದ್ದವು.

"ಬಾಳೂ, ಇವತ್ತರ ಸುರು ಆಗ್ತೈತೇನೋ ನಿನ್ನ ಕಾರಂಜಿ?"

"ಆಗ್ತೈತವ್ವ. ಕೊಲ್ಹಾಪುರದಿಂದ ಮಿಸ್ತ್ರಿ ಬಂದಾನ."

"ಆಗ್ಲಿ. ನೀರಿಗೆ ಜೀವಾ ಬರ್ಲಿ, ಕುಡೀತೇನಿ. ಹೊತ್ತು ಮುಣುಗೂದ್ರೊಳಗ ಆದ್ರ ಸಾಕು ನೋಡು."

ಅಪ್ಪ ತೀರಿಕೊಂಡ ವರ್ಷ ಊರಿಗೆ ಬಂದಿದ್ದ ಮುನಿಗಳ ಎದುರು ಅವಳು ನೇಮ ಹಿಡಿದಿದ್ದಳು: ಬಸದಿಯ ಮುಂದಿನ ಈ ಕೆರೆಯ ನೀರನ್ನಲ್ಲದೆ ಬೇರೆ ನೀರು ಬಾಯಿಗೆ ಹಾಕುವುದಿಲ್ಲ. ಅದನ್ನೂ ತಾನೇ ಎರಡು ಪದರ ಅರಿವೆಯಲ್ಲಿ ಸೋಸಬೇಕು. ಸೋಸಿದ ಮೇಲೆ ಅರಿವೆಯಲ್ಲಿ ಸಿಕ್ಕ ಸಣ್ಣ ಜೀವಗಳನ್ನು ಸೋಸಿದ ನೀರಿನಿಂದಲೇ ತಂಬಿಗೆಗೆ ಇಳಿಸಿ, ಅರಿವೆ ಆರುವುದರೊಳಗೆ, ಯಾವ ನೀರಿನಿಂದ ತಂದದ್ದೋ ಅದೇ ನೀರಿಗೆ ಮುಟ್ಟಿಸಬೇಕು. ಬೇರೆ ನೀರಿಗೆ ಹಾಕಿದರೆ ಅವು ಸಾಯುತ್ತವೆ, ಆ ಸಾವು ಹಾಕಿದವರ ತಲೆಗೆ. ಕಣ್ಣು ಹೋದ ಮೇಲೆ ತರುವುದು, ಮುಟ್ಟಿಸುವುದು ಮಗನ ಪಾಲಿಗೆ ಬಂದಿತ್ತು. ಸೋಸುವುದನ್ನು ಮಾತ್ರ ಅವಳು ಬಿಟ್ಟುಕೊಟ್ಟಿರಲಿಲ್ಲ. ಆರು ತಿಂಗಳಿಂದ ಆಮಶಂಕೆ ಅವಳನ್ನು ಹಿಂಡಿತ್ತು. ಇಚಲಕರಂಜಿಯ ಡಾಕ್ಟರು ಇದು ನೀರಲ್ಲ, ವಿಷ, ಬೇರೆ ನೀರು ಕೊಡಿ ಎಂದರೆ ಅವಳು ಎರಡೂ ಕಿವಿ ಮುಚ್ಚಿಕೊಂಡಳು. ನಿನ್ನೆ ಬೆಳಿಗ್ಗೆ ಕೆರೆಯ ನೀರು ಅರಿವೆಯಿಂದ ಕೆಳಗೆ ಇಳಿಯಲೇ ಇಲ್ಲ. ಮೂಗಿನ ಸಿಂಬಳದ ಹಾಗೆ ಮೇಲೆಯೇ ನಿಂತಿತು. ಅವ್ವ ಬೆರಳಿನಿಂದ ಮುಟ್ಟಿ ನೋಡಿ, "ಇದರಾಗ ಜೀವಾನೂ ಇಲ್ಲ, ನೀರೂ ಇಲ್ಲ" ಎಂದು ಅರಿವೆ ಮಡಚಿಟ್ಟಳು. ಸಂಜೆ ಡಾಕ್ಟರು ನಾಡಿ ನೋಡಿ ಅವನನ್ನು ಹೊರಗೆ ಕರೆದು, ನಾಳೆಯೂ ನೀರು ಹೋಗದಿದ್ದರೆ ನನ್ನನ್ನು ಕರೆಯಬೇಡಿ, ನಿಮ್ಮ ಬಂಧುಬಳಗವನ್ನು ಕರೆಯಿರಿ ಎಂದರು. ಹೊತ್ತು ಮುಳುಗಿದ ಮೇಲೆ ಅವಳು ನೀರನ್ನೂ ಮುಟ್ಟುವವಳಲ್ಲ. ಇವತ್ತಿನ ಹಗಲು ಮಾತ್ರ ಉಳಿದಿತ್ತು.

ಕೆರೆಯ ಹಿಂದೆ ಅವನ ಸೈಜಿಂಗ್ ಇತ್ತು. ಇಚಲಕರಂಜಿಯ ಮಗ್ಗಗಳಿಗೆ ಹೋಗುವ ನೂಲಿಗೆ ಗಂಜಿ ಕುಡಿಸಿ, ಒಣಗಿಸಿ, ಬೀಮಿನ ಉರುಳೆಗೆ ಸುತ್ತಿ ಕಳಿಸುವ ಕಾರಖಾನೆ. ಯಡ್ರಾವದ ಕಡೆ ಜಾಗ ಸಿಗುತ್ತಿದ್ದರೂ ಅವನು ಇಲ್ಲೇ ಕಟ್ಟಿದ್ದು ಇಲ್ಲಿಯ ಬಾವಿಯ ನೀರು ಸಿಹಿ ಎಂದು. ಸಿಹಿನೀರಿನಲ್ಲಿ ಗಂಜಿ ಚೆನ್ನಾಗಿ ಬೇಯುತ್ತದೆ. ಸಂಜೆ ಹಂಡೆಯ ತಳದಲ್ಲಿ ಉಳಿದ ಗಂಜಿ ಏರಿಯ ಕೆಳಗೆ ಹೂತ ಸಿಮೆಂಟಿನ ಕೊಳವೆಯಲ್ಲಿ ಹರಿದು ಕೆರೆಗೆ ಹೋಗುತ್ತಿತ್ತು. ಮೊದಮೊದಲು ಮೀನುಗಳು ಗಂಜಿಗೆ ಮುತ್ತಿ ಕುಣಿಯುತ್ತಿದ್ದವು. ಅದನ್ನು ನೋಡಿ ಅವನು, ಪಾಪ, ಮೂಕಜೀವಗಳಿಗೆ ಅನ್ನ ಹಾಕಿದ ಹಾಗಾಯಿತು ಎಂದು ಅಂದುಕೊಂಡದ್ದೂ ಉಂಟು. ಈಗ ಅದನ್ನು ನೆನೆದು ಹಲ್ಲು ಕಚ್ಚಿದ. ಕೆರೆ ನಾರತೊಡಗಿದಾಗ ಊರವರು ನೀರು ಖಾಲಿ ಮಾಡಿ ಹೂಳು ತೆಗೆಯೋಣ ಎಂದರು. ಬಸದಿಯ ಕಟ್ಟೆಯ ಮೇಲೆ ಕೂಡಿದ ಸಭೆಯಲ್ಲಿ ಅವನೇ ಎದ್ದು ನಿಂತು, ಒಂದು ಬುಟ್ಟಿ ಕೆಸರಿನಲ್ಲಿ ಎಷ್ಟು ಜೀವ ಇರುತ್ತವೆ ಬಲ್ಲಿರಾ, ಸಲಿಕೆಯ ಒಂದೊಂದು ಏಟಿಗೆ ಎಷ್ಟು ಹತ್ಯೆ ಎಂದು ಮಾತನಾಡಿದ್ದ. ಮಾತಾಡುತ್ತ ಅವನ ಕಣ್ಣಲ್ಲಿ ನೀರು ಬಂದಿತ್ತು. ಹಿರಿಯರು ತಲೆದೂಗಿದರು. ಆ ನೀರು ಸುಳ್ಳೆಂದು ಹೇಳಲು ಅವನಿಗೆ ಇವತ್ತಿಗೂ ಆಗದು, ನಿಜವೆಂದು ಹೇಳಲಂತೂ ಆಗದು. ಹೂಳು ತೆಗೆದರೆ ಕೊಳವೆಯ ಬಾಯಿ ಎಲ್ಲರ ಕಣ್ಣಿಗೆ ಬೀಳುತ್ತದೆ ಎಂಬುದು ಆಗಲೂ ಅವನ ತಲೆಯಲ್ಲಿತ್ತು. ಆಮೇಲೆ ಒಂದು ದಿನ ಕೊಲ್ಹಾಪುರದಲ್ಲಿ, ಊರಿಗೆ ಬಿಡುವ ನೀರನ್ನು ಕಲ್ಲಿನ ಮೆಟ್ಟಿಲುಗಳ ಮೇಲಿಂದ ಇಳಿಬಿಡುವುದನ್ನು ಕಂಡ. ಅಲ್ಲಿನವನೊಬ್ಬ, ನೀರೂ ಉಸಿರಾಡಬೇಕು ಶೇಟಜಿ, ನಿಂತಲ್ಲೇ ನಿಂತರೆ ಉಸಿರುಕಟ್ಟಿ ಕೊಳೆಯುತ್ತದೆ, ಗಾಳಿ ಕುಡಿಸಿದರೆ ಹೊಲಸು ತಾನೇ ಕರಗುತ್ತದೆ, ಮೀನಿಗೂ ಉಸಿರು ಸಿಗುತ್ತದೆ ಎಂದ. ಬಾಳಗೊಂಡನಿಗೆ ಹಾರಿ ಕುಣಿಯಬೇಕು ಎನ್ನಿಸಿತು. ಹೂಳು ತೆಗೆಯಬೇಕಾಗಿಲ್ಲ, ಕೊಳವೆ ಮುಚ್ಚಬೇಕಾಗಿಲ್ಲ. ಹೊಲಸು ಹಾಕುವುದನ್ನು ಬಿಡದೆ ಹೊಲಸು ತೆಗೆಯುವ ಉಪಾಯವನ್ನು ದೇವರೇ ತೋರಿಸಿದ್ದಾನೆ ಎನ್ನಿಸಿತು.

ಮಿಸ್ತ್ರಿ ನಾಮದೇವ ಎಣ್ಣೆಯ ಎಂಜಿನ್ನನ್ನು ದಂಡೆಯ ಮೇಲೆ ಕೂರಿಸಿ, ಡ್ರಮ್ಮುಗಳ ತೆಪ್ಪ ಕಟ್ಟಿ, ಅದರ ನಡುವೆ ತೂತು ಕೊರೆದ ಕೊಳವೆಯನ್ನು ನಿಲ್ಲಿಸಿದ್ದ. ಕೆರೆಯ ನೀರು ಈ ತೂತುಗಳಿಂದ ಮೇಲೆ ಚಿಮ್ಮಿ, ಗಾಳಿ ಕುಡಿದು, ಮತ್ತೆ ಕೆರೆಗೇ ಬೀಳಬೇಕು. ನೀರು ಎಳೆಯುವ ಕೊಳವೆಯ ಬಾಯಿಯನ್ನು ನೀರಿಗೆ ಬಿಡುವಾಗ ಬಾಳಗೊಂಡ, ಒಂದ ನಿಮಿಷ ತಡಿ ಎಂದು ಒಗೆದ ಧೋತರವನ್ನು ನಾಲ್ಕು ಮಡಿಕೆ ಮಾಡಿ ಆ ಬಾಯಿಗೆ ಕಟ್ಟಹೋದ.

"ಅಹೋ ಶೇಟ, ಹೇ ಕಾಯ? ಇದೇನ್ರಿ?" ಎಂದು ಮಿಸ್ತ್ರಿ ನಕ್ಕ. "ಎಂಜಿನ್ ನೀರು ಎಳೀಬೇಕೋ ಬ್ಯಾಡೋ?"

"ಮರಿಮೀನ ಒಳಗ ಹೋದ್ರ?"

"ಅರಿವಿ ಕಟ್ಟಿದ್ರ ಪಂಪ ಉಸುರುಕಟ್ಟಿ ಸಾಯ್ತೈತ್ರಿ. ನೀರು ತೀರಾ ಮ್ಯಾಲಿಂದನರ ಎಳೀರಿ."

ಬಾಳಗೊಂಡ ಕೆರೆಯನ್ನು ನೋಡಿದ. ಮೀನುಗಳೆಲ್ಲ ಮೇಲ್ಮೈಯಲ್ಲೇ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಕೆಲವು ತಿಂಗಳಿಂದ ಅವುಗಳ ಬಾಳು ಹೀಗೆಯೇ. ಮೇಲಿಂದ ಎಳೆದರೆ ಮರಿಗಳು ಸಾಲುಸಾಲಾಗಿ ಪಂಪಿನೊಳಗೆ ಹೋಗಿ ಅರೆದುಹೋಗುತ್ತವೆ. ಅದೊಂದು ಪಾಪ ಬೇಡ ಎನ್ನಿಸಿತು.

"ಕೊಳವಿ ತಳಕ್ಕ ಇಳಸು. ತಳದಾಗ ಒಂದೂ ಮೀನ ಇರೂದಿಲ್ಲ."

ಮಿಸ್ತ್ರಿ ಭುಜ ಕುಣಿಸಿದ. ಹಣ ಕೊಡುವವನು ಹೇಳಿದ ಹಾಗೆ ಕೊಳವೆ ಕೆಸರಿನವರೆಗೂ ಇಳಿಯಿತು. ತಳದಲ್ಲಿ ಯಾಕೆ ಒಂದೂ ಮೀನು ಇರುವುದಿಲ್ಲ ಎಂಬ ಪ್ರಶ್ನೆ ಬಾಳಗೊಂಡನಿಗೆ ಬರಲಿಲ್ಲ. ಅದು ಬಂದದ್ದು ಮಧ್ಯಾಹ್ನ, ಬರಬಾರದ ಹೊತ್ತಿನಲ್ಲಿ.

ಎಂಜಿನ್ ಕೆಮ್ಮಿ ಕೆಮ್ಮಿ ಶುರುವಾದಾಗ ದಂಡೆಯ ಮೇಲಿನ ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಮೊದಲು ಬಂದದ್ದು ಪಂಪು ನೀರು ಹಿಡಿಯಲೆಂದು ಕೊಳವೆಗೆ ಮೊದಲೇ ಹೊಯ್ದಿದ್ದ ಒಳ್ಳೆಯ ನೀರು. ಬಿಸಿಲಿಗೆ ಹೊಳೆದು, ಕೊಡೆಯ ಹಾಗೆ ಬಿಚ್ಚಿಕೊಂಡು ಬಿತ್ತು. ಬಾಳಗೊಂಡನಿಗೆ ಎಷ್ಟೋ ದಿನದ ಮೇಲೆ ಎದೆಯ ತುಂಬ ಉಸಿರು ಎಳೆಯಬೇಕು ಎನ್ನಿಸಿತು, ಎಳೆದ. ಆ ಉಸಿರಿನ ನಡುವೆಯೇ ನೀರಿನ ಬಣ್ಣ ಬದಲಾಯಿತು. ಬೂದಿ, ಆಮೇಲೆ ಕಾಡಿಗೆ. ಒಳಗೆ ಹೋದ ಗಾಳಿಯ ಜೊತೆ ಕೊಳೆತ ತತ್ತಿಯಂಥ ವಾಸನೆ ಗಂಟಲಿನವರೆಗೂ ಇಳಿದು ಕುಳಿತಿತು. ಚಪ್ಪಾಳೆ ತಟ್ಟಿದವರು ಟವಲಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಮಿಸ್ತ್ರಿಯೂ ಸರಿದ. "ತಳದ ಕೊಳಿ ಹೊರಗ ಹೊಂಟೈತ್ರಿ ಶೇಟ. ಎಲ್ಲಾ ಹೋದ ಮ್ಯಾಲ ತಿಳಿ ಆಗ್ತೈತಿ" ಎಂದು ಹತಾರುಗಳನ್ನು ಚೀಲಕ್ಕೆ ತುಂಬಿ, ಮಧ್ಯಾಹ್ನದ ಬಸ್ಸು ತಪ್ಪೀತು ಎಂದು ಹೊರಟುಹೋದ.

ತೆಪ್ಪದ ಸುತ್ತ ಕಪ್ಪು ವೃತ್ತವೊಂದು ಅಗಲವಾಗುತ್ತ ಹೋಯಿತು. ಅದು ಮುಟ್ಟಿದಲ್ಲೆಲ್ಲ ಮೀನುಗಳು ಮಗ್ಗುಲು ಹೊರಳಿ ಬಿಳಿ ಹೊಟ್ಟೆ ತೋರಿಸಿದವು. ಮೊದಲು ಬೆರಳಿನಷ್ಟರವು, ಆಮೇಲೆ ಮೊಳಕೈ ಉದ್ದದವು. ಸಾಯದವು ದಂಡೆಯ ಕಡೆ ನುಗ್ಗಿ, ಮೆಟ್ಟಿಲಿನ ಕಲ್ಲಿಗೆ ಬಾಯಿ ಹಚ್ಚಿ, ಮೇಲೆ ಹತ್ತಲು ನೋಡುವವರ ಹಾಗೆ ಒದ್ದಾಡಿದವು. ಉಸಿರು ಕೊಡಲು ತಂದ ಯಂತ್ರ ಇದ್ದ ಉಸಿರನ್ನೂ ಕಿತ್ತುಕೊಳ್ಳುತ್ತಿತ್ತು. ತಳದಲ್ಲಿ ಅವನ ಗಂಜಿಯೇ ಕೊಳೆತು ಕಪ್ಪಾಗಿ ಅಡಗಿ ಕೂತಿತ್ತು. ಅದನ್ನು ಅವನೇ ಮೇಲೆತ್ತಿ, ಕಾರಂಜಿ ಮಾಡಿ, ಇಡೀ ಕೆರೆಯ ಮೇಲೆ ಚಿಮುಕಿಸುತ್ತಿದ್ದ. ಎಂಜಿನ್ ನಿಲ್ಲಿಸಬೇಕು. ಅರ್ಧ ಮೀನುಗಳು ಇನ್ನೂ ಬದುಕಿವೆ, ಈಗ ನಿಲ್ಲಿಸಿದರೆ ಉಳಿದಾವು. ಅವನು ಓಡಿಹೋಗಿ ಎಂಜಿನ್ನಿನ ಮೇಲೆ ಕೈಯಿಟ್ಟ. ಆಗ ಮನೆಯ ಒಳಗಿನಿಂದ ಅವ್ವನ ದನಿ ಬಂತು.

"ಬಾಳೂ! ಎಷ್ಟ ಛಂದ ಸಪ್ಪಳೋ! ಮಳಿ ಬಿದ್ದಂಗ ಕೇಳಸ್ತೈತಿ. ನಿಲ್ಲಸಬ್ಯಾಡಪಾ, ಹೊತ್ತು ಮುಣುಗೂ ತನಕ ನಡೀಲಿ."

ಅವನ ಕೈ ಎಂಜಿನ್ನಿನ ಮೇಲೆಯೇ ಇತ್ತು. ಕಬ್ಬಿಣ ಸುಡುತ್ತಿತ್ತು. ನಿಲ್ಲಿಸಿದರೆ ಅವಳು ಯಾಕೆ ಎಂದು ಕೇಳುತ್ತಾಳೆ. ಹೇಳಿದರೆ ಈ ನೀರನ್ನು ಮತ್ತೆ ಮುಟ್ಟಲಾರಳು, ಬೇರೆ ನೀರನ್ನೂ ಮುಟ್ಟಲಾರಳು. ಕೈ ತೆಗೆದ. ಎಂಜಿನ್ ನಡೆಯಿತು. ಕಲ್ಲಿಗೆ ಬಾಯಿ ಹಚ್ಚಿದ್ದ ಮೀನುಗಳು ಒಂದೊಂದಾಗಿ ಹೊರಳಿದವು. ಸಭೆಯಲ್ಲಿ ಕೆಸರಿನ ಹುಳುಗಳಿಗಾಗಿ ಅತ್ತವನು ಇವನೇ. ಅತ್ತವನ ಮುಖಕ್ಕೆ ಉಗುಳಬೇಕೆಂದರೆ ಉಗುಳು ಬಾಯಲ್ಲಿ ಅಂಟಾಗಿತ್ತು, ಗಂಜಿಯ ಹಾಗೆ.

ಸುದ್ದಿ ಸೈಜಿಂಗ್ ತನಕ ಹೋಗಿ ಅಲ್ಲಿನ ಯಲಗೂರಪ್ಪ ಬಕೆಟ್ಟು ಹಿಡಿದು ಬಂದ. ಬಾಗಲಕೋಟೆಯ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಗಂಜಿಯ ಹಂಡೆ ನೋಡಿಕೊಳ್ಳುತ್ತಿದ್ದವನು. ಅವನ ಹಿಂದೆ ಇನ್ನೂ ಮೂವರು ನಾಲ್ವರು. ಮೊಳಕಾಲಿನವರೆಗೆ ನೀರಿಗಿಳಿದು ದೊಡ್ಡ ದೊಡ್ಡ ಮೀನು ಆರಿಸತೊಡಗಿದರು.

"ನಾಚಿಕಿಲ್ಲೇನೋ ನಿನಗ?" ಎಂದು ಬಾಳಗೊಂಡ ಗದರಿದ.

ಯಲಗೂರಪ್ಪ ಸಹಜವಾಗಿ ತಲೆಯೆತ್ತಿದ. "ನಾವೇನ ಕೊಂದೇವೇನ್ರಿ ಸಾವ್ಕಾರ? ಸತ್ತಾವು, ಹೆಕ್ಕಾಕತ್ತೇವಿ. ಪಾಪ ನಮಗ ತಟ್ಟೂದಿಲ್ರಿ."

ಅವನಿಗೆ ಚುಚ್ಚುವ ಉದ್ದೇಶವೇ ಇರಲಿಲ್ಲ. ಬಕೆಟ್ಟಿನಲ್ಲಿ ಒಂದು ಮೀನು ಇನ್ನೂ ಬಾಲ ಬಡಿಯುತ್ತಿತ್ತು. ಬಾಳಗೊಂಡ ಏರಿಯ ಮರೆಗೆ ಹೋಗಿ ಬಗ್ಗಿ ಕಕ್ಕಿದ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಳದಿ ನೀರು ಬಂತು. ಅದು ಕೂಡ ಇಳಿಜಾರಿನಲ್ಲಿ ಕೆರೆಯ ಕಡೆಗೇ ಹರಿದು ಹೋಯಿತು.

ಹೊತ್ತು ಬಸದಿಯ ಶಿಖರದ ಆಚೆಗೆ ವಾಲಿದಾಗ ಅವ್ವ ಕರೆದಳು. "ಜನಾ ಯಾಕ ಇಷ್ಟ ಕೂಡ್ಯಾರೋ?"

"ಕಾರಂಜಿ ನೋಡಾಕ ಬಂದಾರ."

"ವಾಸ್ನಿ ಜಾಸ್ತಿ ಆಗೇತಲ್ಲೋ ಇವತ್ತ?"

"ತಳದ ಕೊಳಿ ಹೊರಗ ಹೊಂಟೈತವ್ವ. ಎಲ್ಲಾ ಹೋದ ಮ್ಯಾಲ ತಿಳಿ ಆಗ್ತೈತಿ." ಮಿಸ್ತ್ರಿಯ ಮಾತು ತನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಅಸಹ್ಯವಾಯಿತು.

"ಹಂಗಾರ ಒಂದ ಕೊಡಾ ತಾ. ಸೋಸ್ತೇನಿ. ನಾಲಿಗಿ ಅಂಟಿಕೊಂಡೈತಿ ನೋಡು."

ಅವನು ತಾಮ್ರದ ಕೊಡ ಹಿಡಿದು, ಕಾಲು ಸಪ್ಪಳ ಮಾಡುತ್ತ ಕೆರೆಯ ಮೆಟ್ಟಿಲು ಇಳಿದ. ಕೊನೆಯ ಮೆಟ್ಟಿಲ ಮೇಲೆ ನಿಂತು ಕಪ್ಪು ನೀರನ್ನೂ ತೇಲುವ ಹೊಟ್ಟೆಗಳನ್ನೂ ನೋಡಿದ. ಇದನ್ನು ಅವಳ ಬಾಯಿಗೆ ಹಾಕುವುದಕ್ಕಿಂತ ಕತ್ತು ಹಿಸುಕುವುದು ಲೇಸು. ಚಪ್ಪಲಿ ಕೈಯಲ್ಲಿ ಹಿಡಿದು, ನೀರಿನ ಅಂಚಿಗೇ ಬರಿಗಾಲಲ್ಲಿ, ಸತ್ತ ಮೀನುಗಳನ್ನು ತುಳಿಯುತ್ತ ಏರಿಯ ಆ ತುದಿಗೆ ಹೋಗಿ ಸೈಜಿಂಗಿನ ಬಾವಿಯಿಂದ ಕೊಡ ತುಂಬಿದ. ಎಂಥ ನೀರು, ತಳ ಕಾಣುವ ನೀರು. ಇಷ್ಟು ದಿನ ಇದರಲ್ಲಿ ಗಂಜಿ ಬೇಯಿಸಿದ್ದ. ಬಂದ ದಾರಿಯಲ್ಲೇ ಮರಳಿ, ಕೊನೆಯ ಮೆಟ್ಟಿಲಿನಲ್ಲಿ ಚಪ್ಪಲಿ ಮೆಟ್ಟಿ, ಸಪ್ಪಳ ಮಾಡುತ್ತ ಹತ್ತಿದ.

ಅವ್ವ ಅರಿವೆಯನ್ನು ಎರಡು ಪದರ ಮಾಡಿ ಪಾತ್ರೆಯ ಬಾಯಿಗೆ ಹಾಸಿ, ಹೊಯ್ಯಿ ಎಂದಳು. ನೀರು ಒಂದು ಕ್ಷಣವೂ ನಿಲ್ಲದೆ ಇಳಿಯಿತು. ಆ ಸಪ್ಪಳ ಕೇಳಿ ಅವಳ ಮುಖ ಅರಳಿತು. ಬೆರಳಿನಿಂದ ಅರಿವೆ ಸವರಿ ನೋಡಿದಳು, ಅಂಟು ಇರಲಿಲ್ಲ. "ನನ್ನ ಮಗಾ" ಎಂದಳು, "ಒಂದ ದಿನದಾಗ ಕೆರಿ ಬದುಕಿಸಿದಿ." ಆಮೇಲೆ ತಂಬಿಗೆ ಎತ್ತಿ ಕುಡಿದಳು. ಗಟಗಟ ಕುಡಿದಳು, ನಿಂತು ಉಸಿರು ತೆಗೆದುಕೊಂಡಳು, ಮತ್ತೆ ಕುಡಿದಳು. ಅವಳ ಗಂಟಲಿನ ಸಡಿಲ ಚರ್ಮ ಮೇಲೆ ಕೆಳಗೆ ಆಡುವುದನ್ನು ಬಾಳಗೊಂಡ ನೋಡುತ್ತ ಕೂತ. ಬದುಕಿದಳು ಎಂದು ಒಳಗೆಲ್ಲೋ ಹಿಗ್ಗು ಎದ್ದಿತು. ಅದರ ಬೆನ್ನಿಗೇ, ಇಷ್ಟು ವರ್ಷ ಅವಳು ಹಲ್ಲು ಕಚ್ಚಿ ಕಾದುಕೊಂಡ ನೇಮವನ್ನು ಒಂದು ತಂಬಿಗೆಯಲ್ಲಿ ಮುರಿದವನು ತಾನು ಎಂಬುದೂ ಎದ್ದಿತು. ಮುರಿದದ್ದು ಅವಳಿಗೆ ಗೊತ್ತಿಲ್ಲ, ಅದೇ ಹೊಲಸು.

ಅವಳು ಅರಿವೆಯನ್ನು ಮಗುಚಿ ಸೋಸಿದ ನೀರು ಹೊಯ್ದು ಸಣ್ಣ ತಂಬಿಗೆಗೆ ಇಳಿಸಿಕೊಂಡಳು. "ಹಿಡಿ. ಅರಿವಿ ಆರೂದ್ರೊಳಗ ಮುಟ್ಟಿಸಿ ಬಾ." ಕೊಟ್ಟು ಸುಮ್ಮನಾಗಲಿಲ್ಲ. "ತಡಿ, ನಾನೂ ಬರ್ತೇನಿ. ನೀರು ಬೀಳೂದನ್ನ ಹತ್ರಿಂದ ಕೇಳ್ತೇನಿ" ಎಂದು ಗೋಡೆ ಹಿಡಿದು ಎದ್ದಳು. ಎರಡು ದಿನದಿಂದ ಏಳದವಳು. ಅವನು ಬ್ಯಾಡವ್ವ ಎನ್ನುವುದರೊಳಗೆ ಹೊಸ್ತಿಲು ದಾಟಿ, ಕೆರೆಯ ಮೆಟ್ಟಿಲುಗಳ ತಲೆಯ ಮೇಲೆ ಬಂದು ನಿಂತಿದ್ದಳು. ಕುರುಡುಗಣ್ಣು ಬಿಟ್ಟುಕೊಂಡು, ನಗುತ್ತ, ಸತ್ತ ಕೆರೆಯ ಕಡೆಗೆ.

ಬಾಳಗೊಂಡ ಮೆಟ್ಟಿಲು ಇಳಿದ. ಮೀನು ಆರಿಸುವವರೆಲ್ಲ ಬಕೆಟ್ಟು ತುಂಬಿಕೊಂಡು ಹೋಗಿದ್ದರು. ಕೆಳಗೆ ನಿಂತು ತಂಬಿಗೆಯೊಳಗೆ ನೋಡಿದ. ಸಂಜೆಯ ಬೆಳಕು ಓರೆಯಾಗಿ ಬಿದ್ದಿತ್ತು. ಕೂದಲೆಳೆಯಂಥದೊಂದು ಕೆಂಪಗೆ ಬಳುಕುತ್ತಿತ್ತು. ಸಾಸಿವೆಗಿಂತ ಸಣ್ಣವು ಒಂದೆರಡು ಚಿಮ್ಮಿ ಚಿಮ್ಮಿ ಆಡುತ್ತಿದ್ದವು. ಬಾವಿಯ ಜೀವಗಳು. ಅವು ಬಾವಿಗೆ ಹೋಗಬೇಕು. ಬಾವಿ ಏರಿಯ ಆಚೆ ಇದೆ, ಬರಿಗಾಲಲ್ಲಿ ಮತ್ತೆ ಹೋಗಬಹುದು. ಆದರೆ ಮೇಲೆ ನಿಂತವಳ ಕಿವಿ ಅವನ ಒಂದೊಂದು ಉಸಿರನ್ನೂ ಎಣಿಸುತ್ತಿತ್ತು. ಅಷ್ಟರಲ್ಲಿ ಏರಿಯ ಮೇಲೆ ಯಲಗೂರಪ್ಪ ಕಾಣಿಸಿಕೊಂಡ. ಹಂಡೆಯ ಗಂಜಿ ಚೆಲ್ಲುವ ಹೊತ್ತು. ಕೆರೆ ಹೀಗಾದ ಮೇಲೆ ಎಲ್ಲಿ ಚೆಲ್ಲಬೇಕೆಂದು ಕೇಳಲು ಬಂದವನು, ಮುದುಕಿ ನಿಂತದ್ದನ್ನು ಕಂಡು ಕೂಗಲೋ ಬೇಡವೋ ಎಂದು ಬಾಯಿ ಅರ್ಧ ತೆರೆದು, ಕೈಯಿಂದ ಕೇಳಿದ: ಎಲ್ಲಿ?

ಬಾಯಿ ಬಿಟ್ಟೋ ಕೈಯಾಡಿಸಿಯೋ ಬ್ಯಾಡ ಎಂದರೆ ಅವನು ಯಾಕ್ರಿ ಎನ್ನುತ್ತಾನೆ, ಮೀನ ಸತ್ತಾವಂತಲೇನ್ರಿ ಎನ್ನುತ್ತಾನೆ, ಅವ್ವನಿಗೆ ಕೇಳುತ್ತದೆ. ಬಾಳಗೊಂಡ ತಂಬಿಗೆ ಇಲ್ಲದ ಕೈಯನ್ನು ಎತ್ತಿ ದಿನದ ಹಾಗೆ ಕೊಳವೆಯ ಕಡೆ ಆಡಿಸಿದ. ಬಿಡು, ಬಿಡು. ಯಲಗೂರಪ್ಪ ತಲೆಯಾಡಿಸಿ ಹೋದ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಪಕ್ಕದಲ್ಲೇ ಬಿಸಿ ಗಂಜಿ ಬೆಳ್ಳಗೆ ಬುಳುಬುಳು ಬಂದು ಕಪ್ಪು ನೀರಿನಲ್ಲಿ ಹರಡಿತು. ಮೀನುಗಳಿಗೆ ಅದು ತಾಗಿದಾಗ ಒಂದೂ ಕುಣಿಯಲಿಲ್ಲ.

"ಮೆತ್ತಗ ಹಾಕೋ ಬಾಳೂ" ಎಂದಳು ಅವ್ವ ಮೇಲಿನಿಂದ. "ಮ್ಯಾಲಿಂದ ಸುರವಬ್ಯಾಡ. ಜೀವಾ ಅದಾವ."

ಅವನು ಕುಕ್ಕರಗಾಲಲ್ಲಿ ಕೂತು, ತಂಬಿಗೆಯ ಬಾಯಿಯನ್ನು ನೀರಿಗೆ ಮುಟ್ಟಿಸಿ, ಮೆತ್ತಗೆ ಬಗ್ಗಿಸಿದ. ಪದ್ಧತಿಯಂತೆ ಅದೇ ನೀರಿನಲ್ಲಿ ತಂಬಿಗೆ ಅಲುಬಿ ಚೆಲ್ಲಿದ. ಕೆಂಪು ಎಳೆ ಒಂದು ಸಲ ಬಳುಕಿದ್ದು ಕಂಡಿತು, ಆಮೇಲೆ ಬಿಳಿ ಗಂಜಿ ಅದರ ಮೇಲೆ ಬಂತು.

ಮೇಲೆ ಬಂದಾಗ ಅವ್ವ ತಡಕಾಡಿ ಅವನ ಕೈ ಹಿಡಿದುಕೊಂಡಳು. ಒದ್ದೆಯ ಕೈ. ಅದನ್ನು ಎತ್ತಿ ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಅವನ ಕೆನ್ನೆ ನೀವಿ, ತನ್ನ ಕಿವಿಯ ಪಕ್ಕಕ್ಕೆ ಬೆರಳು ಮಡಚಿ ಲಟಲಟ ಲಟಿಗೆ ಮುರಿದು ದೃಷ್ಟಿ ತೆಗೆದಳು.

"ಇನ್ನ ದಿನಾ ಇದ ನೀರು ತಂದು ಕೊಡು" ಎಂದಳು. "ಶಾಲನಗೂ ಹೇಳಿ ಕಳಸು. ವಾಸ್ನಿ ಇನ್ನ ಹೋದಂಗ ಅನ್ನು."

"ಹೂಂನವ್ವ" ಎಂದ ಬಾಳಗೊಂಡ.